ನೆಂಪಿನ ಏರಿನಲ್ಲಿ ಜಲಜಕ್ಕನ ಬ್ಯಾಟರಿ ಗಾಡಿ

ಗಂಗೊಳ್ಳಿ ಬಂದರಿನಲ್ಲಿ ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬೋಟುಗಳಿಂದ ಬುಟ್ಟಿಗಳು ಇಳಿಯುತ್ತಿವೆ, ಏಲಂ ಕೂಗುವವರ ಗಂಟಲು ಆಗಲೇ ಕಾವೇರಿದೆ. ಈ ಗದ್ದಲದ ನಡುವೆ ಸಾಮಾನು ಸಾಗಿಸುವ ಮೂರು ಚಕ್ರದ ಸೈಕಲ್ಲೊಂದು ಸದ್ದೇ ಇಲ್ಲದೆ ನುಗ್ಗಿಬರುತ್ತದೆ. ಅದರ ಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಬೈರಾಸು ಸುತ್ತಿದ ಹೆಂಗಸು. ಪೆಡಲಿನ ಮೇಲೆ ಕಾಲು ಇದೆ, ಆದರೆ ತುಳಿಯುತ್ತಿಲ್ಲ.

"ಹ್ವಾಯ್, ಕಾಲ್ ಕಾಣಿ! ಆಮೇಲ್ ಚಕ್ರ ಹತ್ತಿತ್ ಅಂದ್ ನನ್ನ್ ಬೈಬೇಡಿ!"

ಇವರು ಜಲಜ, ಹೆಮ್ಮಾಡಿಯ ಹೊಳೆಬದಿಯವರು. ಬಂಗುಡೆ, ಬೈಗೆ ಮೀನು ತುಂಬಿದ ಪೆಟ್ಟಿಗೆಗಳನ್ನು ಗಾಡಿಗೇರಿಸಿ, ಮೇಲೆ ಐಸ್ ಸುರಿದು, ಹಗ್ಗ ಬಿಗಿಯುತ್ತಾರೆ. ಪಕ್ಕದಲ್ಲೇ ಬೈಕಿನವರೂ ಮೀನು ತುಂಬಿಸಿಕೊಳ್ಳುತ್ತಿದ್ದಾರೆ. ಅವರಲ್ಲೊಬ್ಬನ ಹೆಸರು ಸೋಮ. "ಎಂತ ಜಲಜಕ್ಕ, ವಿಮಾನ ಹೊರ್ಟಿತಾ?" ಎಂದು ಅವನು ಕೆಣಕುತ್ತಾನೆ. "ಹೊರ್ಟಿತ್. ನೀ ಪೆಟ್ರೋಲ್ ಹಾಕ್ಕಂಡ್ ಬಾ, ಅಷ್ಟೊತ್ತಿಗ್ ನಾನ್ ಮೀನ್ ಖಾಲಿ ಮಾಡ್ತೆ," ಎಂದು ಈಕೆ ಸ್ವಿಚ್ ಒತ್ತುತ್ತಾರೆ. ಇದು ದಿನವೂ ನಡೆಯುವ ತಮಾಷೆ. ಆದರೆ ಇಬ್ಬರಿಗೂ ಅದು ಪೂರ್ತಿ ತಮಾಷೆಯಲ್ಲ ಎಂದು ಗೊತ್ತು, ಯಾಕೆಂದರೆ ಇಬ್ಬರೂ ಹೊರಟಿರುವುದು ಒಂದೇ ದಾರಿಯ ಮನೆಗಳಿಗೆ.

ಆ ಮನೆಗಳ ವಿಷಯ ತಿಳಿಯದಿದ್ದರೆ ಈ ಗಾಡಿಯ ವಿಷಯವೂ ತಿಳಿಯುವುದಿಲ್ಲ. ಜಲಜರ ಅತ್ತೆ ಪದ್ದು ತಲೆಯ ಮೇಲೆ ಬುಟ್ಟಿ ಹೊತ್ತು, ಹೆಮ್ಮಾಡಿಯಿಂದ ವಂಡ್ಸೆಯವರೆಗೆ ನಡೆದು ಮೀನು ಮಾರಿದವರು. ಕೊಲ್ಲೂರು ರಸ್ತೆಯ ಆಚೀಚೆ ಅವರಿಗೆ ವರ್ತನೆಯ ಮನೆಗಳಿದ್ದವು. ವರ್ತನೆಯ ಮನೆ ಅಂದರೆ ಒಬ್ಬಳೇ ಮೀನುಗಾರ್ತಿ ಕಾಯಂ ಆಗಿ ಮೀನು ಕೊಡುವ ಮನೆ. ಅಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಅತ್ತೆಗೆ ಕೈಲಾಗದ ಕಾಲಕ್ಕೆ ಆ ಮನೆಗಳು ಸೊಸೆಗೆ ಬರುತ್ತವೆ. ೧೯೯೭ರಲ್ಲಿ ಮದುವೆಯಾಗಿ ಬಂದ ಜಲಜರನ್ನು ಪದ್ದು ಒಂದೊಂದೇ ಅಂಗಳಕ್ಕೆ ಕರೆದೊಯ್ದು, "ಇನ್ನ್ ಇವ್ಳೇ ಬಪ್ಪುದ್" ಎಂದು ಒಪ್ಪಿಸಿದರು. ಚಿನ್ನವೇನೂ ಹೆಚ್ಚು ಬರಲಿಲ್ಲ, ಈ ಮನೆಗಳು ಬಂದವು ಎಂದು ಜಲಜ ನಗುತ್ತಾರೆ.

ಆಮೇಲೆ ಕಾಲ ಬದಲಾಯಿತು. ನಡೆಯುವುದು ಬಿಟ್ಟು ಬಸ್ಸು ಹಿಡಿದರೆ, ಬಸ್ಸಿಗೆ ಮೀನಿನ ಬುಟ್ಟಿ ಬೇಡವಾಯಿತು. ಸೀಟಿನಲ್ಲಿ ಕುಳಿತವರಿಗೆ ನೀರು ಸೋರುತ್ತದಂತೆ, ವಾಸನೆಯಂತೆ. ಮಧ್ಯಾಹ್ನ ಅದೇ ಬಂಗುಡೆಯ ಸಾರು ಉಂಡು ಬೆರಳು ಚೀಪುವವರಿಗೆ ಬೆಳಿಗ್ಗೆ ವಾಸನೆ! ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಜಲಜ ಬುಟ್ಟಿ ಇಟ್ಟುಕೊಂಡು ಮುಂದಿನ ಬಸ್ಸಿಗೆ, ಅದರ ಮುಂದಿನ ಬಸ್ಸಿಗೆ ಕಾಯುತ್ತಿದ್ದ ಹೊತ್ತಿಗೆ ಬೈಕಿನವರು ಹಾರ್ನ್ ಹಾಕುತ್ತ ಆ ಮನೆಗಳ ಗೇಟು ಮುಟ್ಟಿರುತ್ತಿದ್ದರು. ಅಡುಗೆಗೆ ಹೊತ್ತಾದವರು ಎಷ್ಟು ಕಾದಾರು? ವರ್ತನೆಯ ಮನೆಗಳು ಒಂದೊಂದಾಗಿ ಕೈಬಿಟ್ಟುಹೋದವು.

"ಬೈಕ್ ತಕೋ ಅಂದ್ರ್ ಎಲ್ರೂ," ಎನ್ನುತ್ತಾರೆ ಜಲಜ. "ಮೀನ್ ವಂಡ್ಸಿಗ್ ಹೋಯ್ಕ್, ಮಕ್ಳ್ ಶಾಲಿಗ್ ಹೋಯ್ಕ್, ಅತ್ತಿ ಆಸ್ಪತ್ರಿಗ್ ಹೋಯ್ಕ್. ಬೈಕಂಗ್ ಇವ್ರನ್ನೆಲ್ಲ ಎಲ್ ಕೂರ್ಸೂದ್? ನಂಗ್ ಮನಿಮಂದಿ ಎಲ್ಲ ಹಿಡೂವಂಥ ಗಾಡಿ ಬೇಕಿತ್ತ್."

ಅಂಥದ್ದು ಅಂಗಡಿಯಲ್ಲಿ ಸಿಗಲಿಲ್ಲ. ಹಾಗಾಗಿ ಮಾಡಿಸಿದರು. ಗಂಡ ಪಾಂಡು ಮುಂಬಯಿ ಬಿಟ್ಟುಬಂದು ಫೈಬರ್ ದೋಣಿ ರಿಪೇರಿ ಮಾಡುವವರು. ಅವರು ಬ್ರಹ್ಮಾವರದ ದಿನಸಿ ಅಂಗಡಿಯೊಂದು ಅಕ್ಕಿಮೂಟೆ ಸಾಗಿಸಿ ಸವೆಸಿದ್ದ ಮೂರು ಚಕ್ರದ ಸೈಕಲ್ಲನ್ನು ಹುಡುಕಿ ತಂದರು. ಅಲ್ಲೇ ಗುಜರಿಯಲ್ಲಿ, ಮೈಯೆಲ್ಲ ಒಡೆದ ಒಂದು ಬ್ಯಾಟರಿ ಸ್ಕೂಟರೂ ಸಿಕ್ಕಿತು. ಹೆಮ್ಮಾಡಿಯ ಸೈಕಲ್ ರಿಪೇರಿಯ ಪ್ರೇಮಾನಂದ ಅದರ ಮೋಟಾರು ಬಿಚ್ಚಿ, ಚೈನು ಹಾಕಿ ಹಿಂದಿನ ಚಕ್ರಕ್ಕೆ ಜೋಡಿಸಿಕೊಟ್ಟರು. ಭಾರಕ್ಕೆ ತಕ್ಕ ಬ್ರೇಕು ಹಾಕುವವರೆಗೆ ಗಾಡಿ ಕೊಡುವುದಿಲ್ಲ ಎಂದು ಹಟ ಹಿಡಿದವರೂ ಅವರೇ. ಬ್ಯಾಟರಿ ಮಾತ್ರ ಹೊಸದು. ಮುಂದೆ ಮಕ್ಕಳಿಗೆ ಬೆಂಚು, ಹಿಂದೆ ಮೀನಿಗೆ ಜಾಗ. ಪರಿಸರದ ಕಾಳಜಿಯಿಂದ ಮಾಡಿಸಿದಿರಾ ಎಂದು ಕೇಳಿದೆ. ಜಲಜ ನನ್ನ ಮುಖವನ್ನೇ ನೋಡಿ, "ಬಸ್ಸಿನವ್ರ ಕಾಳಜಿಂದ ಮಾಡ್ಸದ್," ಎಂದರು.

ಬ್ಯಾಟರಿ ಇಡುವಲ್ಲಿ ಪಾಂಡು ಒಂದು ಎಡವಟ್ಟು ಮಾಡಿದರು. ಕಡಲಿನವರಲ್ಲದೆ ಬೇರೆ ಯಾರೂ ಅದನ್ನು ಮಾಡಲಾರರು. ದೋಣಿಯಲ್ಲಿ ಭಾರ ಅಡಿಗಿದ್ದರೆ ಮಗುಚುವುದಿಲ್ಲ ಎಂಬ ಲೆಕ್ಕದಲ್ಲಿ, ಬ್ಯಾಟರಿಗಳನ್ನು ಮೀನಿನ ಪೆಟ್ಟಿಗೆಯ ನೇರ ಕೆಳಗೆ ಇಟ್ಟುಬಿಟ್ಟರು. ಗಾಡಿ ಮಗುಚಲಿಲ್ಲ ನಿಜ. ಆದರೆ ದಿನವೂ ಐಸು ಕರಗಿ, ಮೀನಿನ ಉಪ್ಪುನೀರು ಬ್ಯಾಟರಿಯ ಮೇಲೆಯೇ ತೊಟ್ಟಿಕ್ಕಿತು. ವಯರುಗಳೆಲ್ಲ ಹಸಿರು ಹಿಡಿದು, ಒಂದು ಬೆಳಿಗ್ಗೆ ವಂಡ್ಸೆ ದಾರಿಯ ನೆಂಪು ಊರು ದಾಟಿದ ಏರಿನಲ್ಲಿ ಗಾಡಿ ನಿಂತೇಹೋಯಿತು.

"ಮಕ್ಳ್ ಇಳ್ದ್ ಹಿಂದಿಂದ ದೂಡ್ದೊ, ನಾನ್ ಮುಂದಿಂದ ಎಳ್ದೆ. ಬೈಕಿನವ್ರ್ ನೆಗ್ಯಾಡ್ಕಂಡ್ ಹೋರ್. ಆದ್ರೂ ಮೀನ್ ಮಾರಿಯೇ ಮನಿಗ್ ಬಂದದ್. ಮನಿಗ್ ಬಂದ್ ಇವ್ರಿಗ್ ಸಮಾ ಬೈದೆ."

ಬೈಸಿಕೊಂಡ ಪಾಂಡು ಸುಮ್ಮನಿರಲಿಲ್ಲ. ಬ್ಯಾಟರಿಯನ್ನು ಸೀಟಿನ ಅಡಿಗೆ ತಂದು, ದೋಣಿಗೆ ಬಳಸುವ ಫೈಬರನ್ನೇ ಅಂಟಿಸಿ ಮುಚ್ಚಳದ ಪೆಟ್ಟಿಗೆ ಮಾಡಿದರು. "ಕಡ್ಲ ನೀರ್ನೇ ಒಳ್ಗ್ ಬಪ್ಪುಕ್ ಬಿಡ್ದವ ನಾನ್," ಎಂದು ಈಗ ಎದೆಯುಬ್ಬಿಸಿ ತೋರಿಸುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ದನಿ ಸ್ವಲ್ಪ ತಗ್ಗುತ್ತದೆ.

ಗಾಡಿ ಕೆಟ್ಟ ಸುದ್ದಿ ಕೇಳಿ ಸೋಮ ಮನೆಗೇ ಬಂದಿದ್ದ. ಕೆಟ್ಟವನೇನಲ್ಲ, ಅವನಿಗೂ ಸಂಸಾರವಿದೆ. "ಅಕ್ಕ, ನೀವ್ ಹೆಮ್ಮಾಡಿ ಪ್ಯಾಟಿ ಕಾಣಿ. ಏರಿಂದ ಮ್ಯಾಲಿನ ಮನಿ ನಮ್ಗ್ ಬಿಡಿ. ಈ ಗಾಡಿ ಕಟ್ಕಂಡ್ ಎಂತಕ್ಕೆ ಒದ್ದಾಡೂದ್?" ಎಂದ. ಪಾಂಡುವಿಗೆ ಅದು ಸರಿಯೆನಿಸಿತು. ಹೆಂಡತಿ ದಿನವೂ ದಣಿದು ಬರುವುದನ್ನು ನೋಡಿದ್ದವರು ಅವರು. ಜಲಜ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪದ್ದುವಿನ ದನಿ ಬಂತು.

"ಅದ್ ಬಿಡೂಕೆ ಇವ್ಳ್ ಯಾರ್? ಕೊಟ್ಟದ್ ನಾನ್. ವಾಪಾಸ್ ತಕಂಬುದಾದ್ರೂ ನಾನೇ ತಕಣ್ಕ್. ಹೆಣ್ಣೆ, ಗಾಡಿ ಸಮಾ ಆದ್ಕೂಡ್ಲೆ ನಂಗ್ ಅದ್ರ ಮ್ಯಾಲ್ ಕೂರ್ಸ್."

ಗಾಡಿ ಸರಿಯಾದ ಭಾನುವಾರ ಅತ್ತೆಯ ಸವಾರಿ ಹೊರಟಿತು. ಪ್ಲಾಸ್ಟಿಕ್ ಕುರ್ಚಿಯನ್ನು ಗಾಡಿಯ ಹಲಗೆಗೆ ಬಿಗಿದು, ಅದರಲ್ಲಿ ಪದ್ದು. ಬೆಂಚಿನಲ್ಲಿ ಜಲಜರ ಮಕ್ಕಳು, ಹೈಸ್ಕೂಲಿನ ಪೂಜಿತಾ ಮತ್ತು ಅವಳ ತಂಗಿ ಶರಣ್ಯಾ. ಹಿಂದೆ ಮೀನು. ಮಂಡಿ ಬಾಗದ ಆ ಮುದುಕಿ ಎಷ್ಟೋ ವರ್ಷಗಳ ಮೇಲೆ ತನ್ನ ದಾರಿ ನೋಡುತ್ತಿದ್ದರು. ಪ್ರತಿ ಗೇಟಿನ ಎದುರೂ ಗಾಡಿ ನಿಲ್ಲಿಸಿ ಕೂಗಿದರು: "ಹ್ವಾಯ್ ಅಮ್ಮಾ, ನಾನ್ ಪದ್ದು. ಸತ್ತಿಲ್ಲೆ. ನಮ್ಮನಿ ಮೀನ್ ಬಪ್ಪುದೂ ನಿಂತಿಲ್ಲೆ!"

ಕೆಲವರು ಓಡಿಬಂದು ಕೈ ಹಿಡಿದರು. ಒಂದು ಮನೆಯಾಕೆ ಕಣ್ಣೊರೆಸಿಕೊಂಡರು. ಇನ್ನೊಂದು ಮನೆಯವರು, ಬೈಕಿನವ ಬೇಗ ಬರುತ್ತಾನೆ, ನಾವೇನು ಮಾಡುವುದು ಎಂದು ನೇರವಾಗಿ ಕೇಳಿದರು. "ಇವ್ಳೂ ಬೇಗ ಬತ್ಲ್. ಬರ್ದಿರೆ ನಂಗ್ ಹೇಳಿ," ಎಂದರು ಪದ್ದು. ಅಂದಿನಿಂದ ಜಲಜ ಕೋಳಿ ಕೂಗುವ ಮೊದಲೇ ಏಳುತ್ತಾರೆ.

ಹೋದ ಮನೆಗಳೆಲ್ಲ ಮರಳಿದವೇ? "ಎಲ್ಲ ಬರ್ಲಿಲ್ಲೆ. ಸುಳ್ಳ್ ಎಂತಕ್ಕೆ ಹೇಳೂದ್? ಬಂದ ಮನಿ ಬಿಡ್ತಿಲ್ಲೆ, ಬರ್ದಿದ್ ಮನಿ ಎದ್ರಿಗೂ ಬೆಲ್ ಹೊಡ್ದೇ ಹೋತೆ."

ಅತ್ತೆಯ ಆಸ್ಪತ್ರೆ, ಅಕ್ಕಿ ಗಿರಣಿ, ನೆಂಟರ ಮದುವೆ, ಎಲ್ಲಕ್ಕೂ ಈಗ ಇದೇ ಗಾಡಿ. ಬಂದರಿನಿಂದ ಮರಳುವಾಗ ಹೆಮ್ಮಾಡಿಯ ಮನೆಯೆದುರು ಯೂನಿಫಾರ್ಮಿನ ಮಕ್ಕಳಿಬ್ಬರೂ ಚೀಲ ಹಿಡಿದು ನಿಂತಿದ್ದಾರೆ. ಅವರ ಶಾಲೆ ವಂಡ್ಸೆಯಲ್ಲಿ. ನಾನೂ ಬೆಂಚಿನ ತುದಿಯಲ್ಲಿ ಮುದುಡಿ ಕೂರುತ್ತೇನೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, "ಏರಂಗ್ ಇನ್ನೊಂಚೂರ್ ಎಳೂ ಮೋಟಾರ್ ಸಿಕ್ರೆ ಸಾಕ್. ಇವತ್ತ್ ನಿಮ್ ಭಾರ ಬೇರೆ," ಎನ್ನುತ್ತಾರೆ.

ನೆಂಪು ದಾಟುತ್ತದೆ, ಏರು ಶುರುವಾಗುತ್ತದೆ. ಗಾಡಿಯ ವೇಗ ಇಳಿಯುತ್ತದೆ, ಜಲಜ ಎದ್ದು ನಿಂತು ಪೆಡಲ್ ತುಳಿಯುತ್ತಾರೆ. ಹಿಂದೆ ಸೋಮನ ಬೈಕು, ಅದರ ಹಿಂದೆ ಎರಡು ಕಾರು. ಎದುರಿನಿಂದ ಲಾರಿಗಳು ಬರುತ್ತಿರುವುದರಿಂದ ಯಾರಿಗೂ ಮುಂದೆ ಹೋಗಲಾಗುತ್ತಿಲ್ಲ. ಹಾರ್ನಿನ ಮೇಲೆ ಹಾರ್ನು. ಮೈ ಹಿಡಿ ಮಾಡಿಕೊಂಡ ಪೂಜಿತಾ, "ಅಮ್ಮಾ, ಎಲ್ರೂ ಹಾರ್ನ್ ಹಾಕ್ತ್ರ್. ಬದಿಗ್ ತಕೋ," ಎನ್ನುತ್ತಾಳೆ.

ಜಲಜ ಹಿಂದೆ ತಿರುಗುವುದಿಲ್ಲ, ತುಳಿಯುವುದನ್ನೂ ನಿಲ್ಲಿಸುವುದಿಲ್ಲ.

"ಗಾಡಿ ಈಗ್ಳೂ ಬದಿಯಂಗೇ ಇತ್ತ್ ಮಗಾ. ಇನ್ನೂ ಬದಿಗ್ ಹೋರೆ ಗದ್ದಿಗ್ ಬೀಳೂದ್. ಅವ್ರ್ ಕಾಯ್ಲಿ."