ಮೂಕಿ ಚಿತ್ರದ ಮಾತುಗಾತಿ

ನನ್ನ ಮೆಚ್ಚಿನ ನಟಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮ ನಟಿಯ ಹೆಸರು ಹೇಳುತ್ತೀರಿ, ನಾನು ಅವಳ ಮೂಗು ಸರಿಯಿಲ್ಲ ಎನ್ನುತ್ತೇನೆ, ಜಗಳ ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ಇಂಥ ಜಗಳಕ್ಕೆ ಸ್ನೇಹ ಕಡಿದುಕೊಂಡವರನ್ನು ಬಲ್ಲೆ. ನನ್ನ ಸೈಕಲ್ ಅಂಗಡಿಯ ಮುಂದೆಯೇ ಇಬ್ಬರು ನನ್ನ ಗಾಳಿ ಪಂಪು ಕಸಿದುಕೊಂಡು ಹೊಡೆದಾಡಿದ್ದಾರೆ. ಮುಂಬಯಿಯಲ್ಲಿರುವ ಆ ನಟಿಯರಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ. ಪಂಪು ಮಾತ್ರ ಹಾಳಾಯಿತು.

ನಾನು ಅವಳ ರೂಪಕ್ಕೆ ಮರುಳಾದವನಲ್ಲ. ಕಣ್ಣು ಕಮಲ, ಹುಬ್ಬು ಬಿಲ್ಲು ಎನ್ನುವವರು ಧಾರವಾಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅದಕ್ಕಾಗಿಯೇ ಓದಿದವರು. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ನನಗೆ ಕಣ್ಣು ಕಣ್ಣಾಗಿಯೇ ಕಾಣುತ್ತದೆ. ನಾನು ಮೆಚ್ಚಿದ್ದು ಅವಳ ಮಾತನ್ನು. ನಾನು ಮೆಚ್ಚಿದ ಕಾಲಕ್ಕೆ ಅವಳ ಚಿತ್ರಗಳೆಲ್ಲ ಮೂಕಿ ಚಿತ್ರಗಳು ಎಂಬುದು ಖರೆ. ಆದರೂ ಮೆಚ್ಚಿದ್ದು ಮಾತನ್ನೇ.

ಟೆಂಟಿನಲ್ಲಿ ಚಿತ್ರ ತೋರಿಸುತ್ತಿದ್ದ ದಿನಗಳವು. ಪರದೆಯ ಮೇಲೆ ಮನುಷ್ಯರು ಬರೇ ತುಟಿ ಅಲ್ಲಾಡಿಸುತ್ತಿದ್ದರು. ಆಮೇಲೆ ಒಂದು ಹಲಗೆ ಬರುತ್ತಿತ್ತು. ಅದರ ಮೇಲೆ ಅವರು ಆಡಿದ ಮಾತು ಇಂಗ್ಲಿಷಿನಲ್ಲಿ, ಇನ್ನೂ ಯಾವ ಯಾವುದೋ ಲಿಪಿಯಲ್ಲಿ ಬರೆದಿರುತ್ತಿತ್ತು. ನೆಲದ ಮೇಲೆ ಕೂತ ನಮಗೆ ಎಲ್ಲ ಲಿಪಿಯೂ ಒಂದೇ. ಅದಕ್ಕೆಂದೇ ಪರದೆಯ ಪಕ್ಕದಲ್ಲಿ ಕೋಲು ಹಿಡಿದು ಫಕೀರಪ್ಪಣ್ಣ ನಿಲ್ಲುತ್ತಿದ್ದ. ಹಲಗೆ ಬಂದ ಕೂಡಲೇ ಅದಕ್ಕೆ ಕೋಲು ಮುಟ್ಟಿಸಿ, ಬಾಯಿಯ ತಂಬಾಕು ಒಂದು ಬದಿಗೆ ಸರಿಸಿ, ಕನ್ನಡದಲ್ಲಿ ಹೇಳುತ್ತಿದ್ದ. ರಾಜನಿಗೂ ಅವನದೇ ದನಿ, ರಾಣಿಗೂ ಅವನದೇ ದನಿ. ನಮಗೆ ಅದೇನೂ ವಿಚಿತ್ರ ಅನಿಸಲಿಲ್ಲ. ನಾಟಕದಲ್ಲಿ ಮೀಸೆ ಬೋಳಿಸಿದ ಗಂಡಸರೇ ಸೀರೆ ಉಟ್ಟು ಅತ್ತಾಗ ನಾವೂ ಅತ್ತವರು.

ಒಂದು ಚಿತ್ರದಲ್ಲಿ ಖಳನಾಯಕ ಕಠಾರಿ ಹಿಡಿದು ನನ್ನ ನಟಿಯ ಮೇಲೆ ಬಂದ. ಅವಳು ಕೈಯೆತ್ತಿ ಏನೋ ಅಂದಳು. ಹಲಗೆ ಬಂತು. ಫಕೀರಪ್ಪಣ್ಣ ಹೇಳಿದ: "ಏ, ಮದಲ ಮಾರಿ ತೊಳಕೊಂಡ ಬಾ ಹೋಗ. ಎದ್ದ ಮಾರೀಲೆ ಬಂದಾನ, ಲಗ್ನ ಆಗಾಕ." ಟೆಂಟು ನಕ್ಕಿತು. ಹಿಂದೆ ಕುರ್ಚಿಯ ಮೇಲೆ ಕೂತ ಓದಿದ ಮಂದಿಯೂ ನಕ್ಕರು. ಕಠಾರಿಯ ಮುಂದೆ ನಿಂತು ಹೀಗೆ ಮಾತಾಡುವ ಹೆಂಗಸನ್ನು ನಾನು ಕಂಡಿರಲಿಲ್ಲ. ಮೀಸೆ ಆಗತಾನೇ ಮೂಡುತ್ತಿದ್ದ ವಯಸ್ಸು. ಅಂದೇ ನನ್ನ ಕತೆ ಮುಗಿಯಿತು.

ಚಿತ್ರಪಟ ನೋಡಿ ಮೋಹಗೊಂಡ ರಾಜರು ಪುರಾಣದಲ್ಲಿ ಬರುತ್ತಾರಂತೆ. ನಮ್ಮ ಓಣಿಯ ಶಾಸ್ತ್ರಿಗಳು ಅದನ್ನು ಕಣ್ಣು ಮುಚ್ಚಿ ಭಕ್ತಿಯಿಂದ ಹೇಳುತ್ತಾರೆ. ಅದೇ ಕೆಲಸವನ್ನು ನಾನು ಟಿಕೇಟು ತೆಗೆಸಿ ಮಾಡಿದರೆ ಹುಡುಗ ಕೆಟ್ಟ ಎನ್ನುತ್ತಾರೆ. ರಾಜರು ಟಿಕೇಟು ತೆಗೆಸುತ್ತಿರಲಿಲ್ಲ, ಅದೊಂದೇ ಫರಕು.

ಕೆಲವು ವರ್ಷಕ್ಕೆ ಟಾಕಿ ಬಂತು. ನನ್ನ ನಟಿಯೂ ಬಾಯಿ ಬಿಟ್ಟಳು. ಅದೇ ಕಠಾರಿ, ಅಂಥದೇ ಖಳನಾಯಕ. ಈಗ ಏನು ಅನ್ನುತ್ತಾಳೋ ಎಂದು ತುದಿಗಾಲ ಮೇಲೆ ಕೂತೆ. ಅವಳು ಹಿಂದಿಯಲ್ಲಿ, ಹಾಲು ಕುಡಿದ ಬೆಕ್ಕಿನ ದನಿಯಲ್ಲಿ, "ಸ್ವಾಮೀ, ನಾನು ಅಬಲೆ" ಎಂದಳು. ಪಕ್ಕದಲ್ಲಿದ್ದವನು ಅರ್ಥ ಹೇಳಿದಾಗ ಅವನ ಜೊತೆಗೇ ಜಗಳ ಆಡಿದೆ. ಆಮೇಲೆ ಅವಳು ಅರ್ಧ ತಾಸು ಹಾಡಿದಳು. ಖಳನಾಯಕ ಪಾಪ ಕಠಾರಿ ಹಿಡಿದು ಹಾಡು ಮುಗಿಯುವವರೆಗೂ ಕಾಯ್ದ.

ನಾನು ನಂಬಲಿಲ್ಲ. ಮುಂಬಯಿಯ ಸಾಹುಕಾರರು ಅವಳ ಬಾಯಿಗೆ ಬೇರೆ ಯಾರದೋ ಮಾತು ತುರುಕಿದ್ದಾರೆ ಎಂದು ತೀರ್ಮಾನಿಸಿದೆ. ಮನೆಯಲ್ಲಿ ಅವಳು ಹಳೆಯ ಹಾಗೇ ಮಾತಾಡುತ್ತಿರಬೇಕು. ಟಾಕಿಯ ಮೇಲೆ ಟಾಕಿ ನೋಡಿದೆ, ಒಂದರಲ್ಲಾದರೂ ಬಾಯಿ ಜಾರಿ ಖರೆ ಮಾತು ಬಂದೀತೆಂದು. ಅಭಿಮಾನಿ ಎಂದರೆ ಇದೇ. ಎದುರಿಗಿದ್ದದ್ದನ್ನು ಸುಳ್ಳು ಎನ್ನಬೇಕು, ಕಾಣದ್ದನ್ನು ಖರೆ ಎನ್ನಬೇಕು. ದೇವರಿಗೂ ಇಷ್ಟು ಭಕ್ತರು ಸಿಕ್ಕಿಲ್ಲ.

ಹೀಗಿರುವಾಗ ಅವ್ವ ನನಗೆ ಕನ್ಯೆ ನೋಡತೊಡಗಿದಳು.

"ಎಂಥಾಕಿ ಬೇಕಲೇ ನಿನಗ?" ಎಂದಳು.

"ಮಾತಾಡಾಕಿ."

"ಮಾತಾಡಾಕ ಈ ಮನ್ಯಾಗ ನಾ ಒಬ್ಬಾಕಿ ಸಾಲದೇನು?"

ಸಾಲದು ಎನ್ನುವ ಧೈರ್ಯ ಬರಲಿಲ್ಲ. ಆದರೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಆಗುವುದಾದರೆ ನನ್ನ ನಟಿಯ ಹಾಗೆ ಎದುರಿಗೆ ನಿಂತು ಮಾತಾಡುವವಳನ್ನೇ ಆಗುತ್ತೇನೆ. ಇಲ್ಲದಿದ್ದರೆ ಸೈಕಲ್ ಅಂಗಡಿ ಇದೆ, ಪಂಕ್ಚರ್ ಹಾಕುತ್ತ ಜನ್ಮ ಕಳೆಯುತ್ತೇನೆ.

ಕನ್ಯೆ ನೋಡುವ ಶಾಸ್ತ್ರ ನಿಮಗೆ ಗೊತ್ತು. ಹುಡುಗಿ ಅವಲಕ್ಕಿ ತಂದಿಡುತ್ತಾಳೆ, ಚಾಪೆಯ ಮೇಲೆ ಕೂಡುತ್ತಾಳೆ, ಚಾಪೆಯನ್ನೇ ನೋಡುತ್ತಾಳೆ. ಎಲ್ಲರೂ ಅವಳನ್ನು ನೋಡುತ್ತಾರೆ. ಎತ್ತಿನ ಸಂತೆಯಲ್ಲಿ ಹಲ್ಲು ಎಣಿಸುವಾಗ ಎತ್ತಾದರೂ ಒಮ್ಮೆ ತಲೆ ಕೊಡವುತ್ತದೆ. ಇಲ್ಲಿ ಅದೂ ಇಲ್ಲ. ಅಂಥ ಮನೆಗಳಲ್ಲಿ ಅವಲಕ್ಕಿ ತಿಂದು ತಿಂದು ಬೇಡ ಎಂದು ಬಂದೆ.

ಗೋಪನಕೊಪ್ಪದಲ್ಲಿ ನೋಡಿದ ನೀಲವ್ವನದೂ ಅದೇ ಪಾಡಾಯಿತು. ಅವಳ ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುವ ಸೀದಾ ಮನುಷ್ಯ. ನಾನು ನೇರವಾಗಿ ಹುಡುಗಿಗೇ ಕೇಳಿದೆ: "ನನ್ನ ನೋಡಿದ್ರ ನಿಂಗೇನ ಅನಸ್ತೈತಿ? ಇದ್ದದ್ದ ಇದ್ದಂಗ ಹೇಳು."

ಹುಡುಗಿ ತುಟಿ ಕಚ್ಚಿ ಏನೋ ತಡೆದುಕೊಂಡಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಸೋದರತ್ತೆ ಉತ್ತರ ಕೊಟ್ಟಳು: "ಹುಡುಗಿಗೆ ಏನೂ ಅನ್ಸಂಗಿಲ್ರಿ. ಭಾಳ ಛಲೋ ಹುಡುಗಿ."

ಏನೂ ಅನಿಸದವಳನ್ನು ಕಟ್ಟಿಕೊಂಡು ಏನು ಮಾಡಲಿ? ಬೇಡ ಎಂದು ಹೇಳಿಕಳಿಸಿದೆ. ಆದರೂ ಆ ಕಚ್ಚಿದ ತುಟಿ ಮಾತ್ರ ಹಲವು ದಿನ ಚಕ್ರದ ಕಡ್ಡಿ ಬಿಗಿಯುವಾಗಲೆಲ್ಲ ಕಣ್ಣ ಮುಂದೆ ಬರುತ್ತಿತ್ತು. ಏನು ತಡೆದುಕೊಂಡಳು?

ಆಗ ಒಂದು ದಿನ ಫಕೀರಪ್ಪಣ್ಣ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಟಾಕಿ ಬಂದಮೇಲೆ ಅವನ ಕೆಲಸ ಹೋಗಿತ್ತು. ಸೈಕಲ್ ಮೇಲೆ ಊದಿನಕಡ್ಡಿ ಮಾರುತ್ತಿದ್ದ. ಟ್ಯೂಬು ನೀರಿನಲ್ಲಿ ಅದ್ದುತ್ತಲೇ ನನ್ನ ನಟಿಯ ವಿಷಯ ತೆಗೆದೆ.

"ಅಣ್ಣಾ, ಟಾಕಿಯೊಳಗ ಅಕೀ ಮಾತು ಯಾಕ ಹಿಂಗ ಕೆಟ್ಟುವು? ಆಗ ಹಲಗಿ ಮ್ಯಾಲ ಎಷ್ಟ ಛಲೋ ಬರದಿರತಿತ್ತು."

"ಬರದಿರತಿತ್ತು ಖರೆ. ಏನ ಬರದಿರತಿತ್ತೋ ದೇವರಿಗೆ ಗೊತ್ತು. ನನಗೆಲ್ಲಿ ಇಂಗ್ಲಿಷ್ ಬರತೈತೋ?"

"ಮತ್ತ ಆ ಮಾತು?"

"ನಮ್ಮ ಗಂಗೀವು. ಮುಂಜಾನೆ ಅಕಿ ಕಡೆ ಬೈಸ್ಕೊಂಡದ್ದನ್ನ ಸಂಜೀಕ ನಿನ್ನ ನಟೀ ಬಾಯಾಗ ಹಾಕತಿದ್ನಿ. ಹೆಂಡ್ತಿ ಬಾಯಿ ಜೋರಿತ್ತು ಅಂತ ಹೊಟ್ಟಿ ನಡೀತು."

ಕುರ್ಚಿಯ ಮಂದಿ ಯಾಕೆ ಅಷ್ಟು ನಗುತ್ತಿದ್ದರೆಂದು ಈಗ ತಿಳಿಯಿತು. ಅವರು ಹಲಗೆಯ ಮೇಲಿನ ಮಾತು ಓದಿಕೊಂಡು, ಅಣ್ಣನ ಮಾತು ಕೇಳಿ ನಗುತ್ತಿದ್ದರು.

"ಗಂಗಕ್ಕಗ ಗೊತ್ತಾಗಲಿಲ್ಲೇನು?"

"ಒಂದ ಸಲ ನೋಡಾಕ ಬಂದಿದ್ಲು. ಹೊರಗ ಬಂದು, 'ಅಕೀ ನೋಡ, ಎಷ್ಟ ಛಂದ ಮಾತಾಡ್ತಾಳ. ನನಗ ಹಂಗ ಬಾಯಿ ಇದ್ದಿದ್ರ ನಿನ್ನ ಎಂದೋ ದಾರಿಗೆ ತರತಿದ್ದೆ' ಅಂದ್ಲು."

ನನಗೆ ಇನ್ನೊಂದು ಕೇಳಬೇಕಿತ್ತು. "ಲಗ್ನಕ್ಕ ಮದಲ ನೋಡಾಕ ಹೋದಾಗ ಗಂಗಕ್ಕ ಏನ ಮಾತಾಡಿದ್ಲಣ್ಣಾ?"

"ಎಲ್ಲೀ ಮಾತು? ಚಾಪಿ ನೋಡ್ಕೋತ ಕುಂತಿದ್ಲು. ಮೂಕೀನ ಗಂಟ ಹಾಕಾಕತ್ತಾರ ಅಂತ ನನಗ ಅಂಜಿಕಿ ಬಂದಿತ್ತು."

ಅಂದು ಅಂಗಡಿ ಬೇಗ ಮುಚ್ಚಿದೆ. ನಾನು ಮುಂಬಯಿಯಲ್ಲಿ ಹುಡುಕುತ್ತಿದ್ದ ಮಾತು ಓಣಿ ಓಣಿಯ ಅಡುಗೆಮನೆಯಲ್ಲಿ ಇದೆ. ಕನ್ಯೆ ತೋರಿಸುವ ಆ ಒಂದು ತಾಸು ಮಾತ್ರ ಎಲ್ಲರೂ ಸೇರಿ ಅದರ ಬಾಯಿ ಕಟ್ಟಿರುತ್ತಾರೆ. ಹಾಗಾದರೆ ನೀಲವ್ವ ತಡೆದುಕೊಂಡದ್ದು ಮಾತೇ. ನಾನು ಬೇಡ ಎಂದದ್ದು ಸಾಕ್ಷಾತ್ ನನ್ನ ನಟಿಯನ್ನೇ. ಅವ್ವನನ್ನು ಹೊರಡಿಸಿದೆ. "ಬ್ಯಾಡಂದ ಮನಿಗೆ ಹೊಳ್ಳಿ ಹೋಗಾಕ ನಾಚಿಕಿ ಬರಂಗಿಲ್ಲಲೇ?" ಎನ್ನುತ್ತಲೇ ಅವ್ವ ಚಪ್ಪಲಿ ಮೆಟ್ಟಿದಳು. ಅವಳಿಗೂ ಆ ಹುಡುಗಿ ಮನಸ್ಸಿಗೆ ಬಂದಿದ್ದಳು.

ಗೋಪನಕೊಪ್ಪದಲ್ಲಿ ಈ ಸಲ ಅವಲಕ್ಕಿ ಬರಲಿಲ್ಲ. ನೀಲವ್ವನ ಅಪ್ಪನ ಮುಂದೆ ನಾನು ಸುತ್ತಿ ಬಳಸದೆ ಹೇಳಿದೆ: "ತಪ್ಪ ತಿಳಕೊಂಡಿದ್ನಿರಿ. ನನಗ ನಿಮ್ಮ ಮಗಳು ಬೇಕು." ಆತ ಮೀಸೆ ಸವರಿ, "ಅಕಿನ್ನ ಕೇಳೂಣು ತಡೀರಿ" ಎಂದ. ಕೇಳುವ ಮೊದಲೇ ನೀಲವ್ವ ಮೊರದಲ್ಲಿ ಜೋಳ ಹಿಡಿದುಕೊಂಡು ಹೊಸ್ತಿಲಿಗೆ ಬಂದು ನಿಂತಳು. ಸೋದರತ್ತೆ ಊರಲ್ಲಿರಲಿಲ್ಲ.

"ಅವತ್ತ ನೀವೊಂದ ಮಾತ ಕೇಳಿದ್ರಿ, ಹೌದಲ್ರೀ?" ಎಂದಳು.

ಹೌದು ಎಂದೆ.

"ನಾ ಹೇಳಾಕ ಬಾಯಿ ತಗೀತಿದ್ದೆ. ನಮ್ಮತ್ತಿ ನಡುವ ಬಂದ್ಲು. ನನಗ ನಿಮ್ಮನ್ನ ನೋಡಿದ ಕೂಡ್ಲೆ ಬ್ಯಾಡ ಅನಿಸಿತ್ರಿ. ಗಂಡಸರು ಅಂತ ಹೇಳಿಕಳಸಾಕ ನಿಮಗ ಮದಲ ಸಿಕ್ತು, ಅಷ್ಟ."

ಹೀಗೆಂದು ಜೋಳ ಕೇರುತ್ತ ಒಳಗೆ ಹೋದಳು. ಹೊಟ್ಟು ನನ್ನ ಮೇಲೆ ಸ್ವಲ್ಪ ಬಿತ್ತು.

ಊರು ಹತ್ತಿರ ಬಂದಾಗ ಅವ್ವ ಸೆರಗು ಬಾಯಿಗೆ ಹಿಡಿದು, "ಮಾತಾಡಾಕಿ ಬೇಕಂದಿದ್ದೆಲ್ಲ, ಆತಿಲ್ಲ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಖರೆ ಹೇಳಬೇಕೆಂದರೆ ಇವತ್ತಿಗೂ ಪೂರಾ ಬಂದಿಲ್ಲ. ನಾನು ಅವಳನ್ನು ಬೇಡ ಎಂದಿದ್ದೇನೆ ಎಂದು ಅಷ್ಟು ದಿನ ಮರುಗಿದ್ದೆ. ಆ ಮರುಕದಲ್ಲಿ ಒಂದು ದೊಡ್ಡಸ್ತಿಕೆ ಇತ್ತು. ಅದನ್ನೂ ಕಿತ್ತುಕೊಂಡಳು. ಚಾಪೆ ನೋಡುತ್ತಿದ್ದಾಳೆ ಎಂದು ನಾವು ತಿಳಿದಿದ್ದಾಗ ಅವಳು ನಮ್ಮನ್ನು ನೋಡಿ ಮುಗಿಸಿದ್ದಳು.

ಮೊನ್ನೆ ನೀಲವ್ವನ ಲಗ್ನವಾಯಿತಂತೆ. ಹುಡುಗನಿಗೆ ಸಿನಿಮಾದ ಹುಚ್ಚು ಇಲ್ಲವಂತೆ. ಒಳ್ಳೆಯದು, ಅವನಿಗೆ ಮನೆಯಲ್ಲೇ ಸಾಕಷ್ಟು ಆಗುತ್ತದೆ.

ನಾನಂತೂ ನನ್ನ ನಟಿಯನ್ನು ಬಿಟ್ಟಿಲ್ಲ. ಈಗ ಸ್ವಲ್ಪ ದಪ್ಪಗಾಗಿದ್ದಾಳೆ, ಹಾಡು ಇನ್ನೂ ಉದ್ದವಾಗಿವೆ, ಮಾತೆಲ್ಲ ಸಕ್ಕರೆ ಪಾಕ. ಆದರೂ ಹೊಸ ಟಾಕಿ ಬಂದರೆ ಮೊದಲ ದಿನವೇ ಹೋಗಿ ನೆಲದ ಮೇಲೆ ಕೂಡುತ್ತೇನೆ. ಅಲ್ಲಿ ಮನಸ್ಸಿಗೆ ಭಾರಿ ಸಮಾಧಾನ. ಎಷ್ಟು ವರ್ಷ ಬೇಕಾದರೂ ಅವಳನ್ನು ಮೆಚ್ಚಬಹುದು. ಅವಳು ಒಮ್ಮೆಯೂ ನನ್ನನ್ನು ನೋಡಿಲ್ಲ.