ಮೆಷಿನ್ ನಿಲ್ಲಿಸಿದ ಬುಧವಾರಗಳು

ಆ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಮೇಜಿನ ಮುಂದೆ ಇಪ್ಪತ್ತಾರು ವರ್ಷ ನಿಂತವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಆರು ವರ್ಷ ದೊಡ್ಡವನಾದ ಇಸ್ತ್ರಿಯವನೂ ಹಾಗೇ ಕರೆಯುತ್ತಿದ್ದ. ಅಕ್ಕ ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಕೆಲಸಕ್ಕೆ ಇದ್ದವರು ನಾಲ್ಕೇ ಜನ: ಅಕ್ಕ, ಇಸ್ತ್ರಿಯವನು, ಒಗೆಯುವ ಮೆಷಿನ್ ನೋಡಿಕೊಳ್ಳುವ ದಪ್ಪ ಕನ್ನಡಕದ ಹೆಂಗಸು, ವ್ಯಾನ್ ಡ್ರೈವರ್. ಮೇಲೆ ಯಜಮಾನರು. ಗಿರಾಕಿ ಎಂದರೆ ಹೆಚ್ಚುಕಮ್ಮಿ ಒಂದೇ ಆಸ್ಪತ್ರೆ.

ಆ ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ ಮೇಡಂ ಒಂದು ಬೆಳಿಗ್ಗೆ ಬಂದು, ಒಗೆದ ಮೇಲೂ ರಕ್ತದ ಕಲೆ ಉಳಿದಿದ್ದ ನಲವತ್ತು ಬೆಡ್‌ಶೀಟುಗಳನ್ನು ಮೇಜಿನ ಮೇಲೆ ಸುರಿದರು. "ಒಂದೇ ವಾರದ್ದು ಇದು. ಎರಡು ತಿಂಗಳು ನೋಡ್ತೀನಿ, ಆಮೇಲೆ ಕೆಲಸ ಬೇರೆಯವರಿಗೆ ಕೊಡ್ತೀನಿ," ಎಂದು ಹೇಳಿ ಹೋದರು. ಆಸ್ಪತ್ರೆ ಕೈಬಿಟ್ಟರೆ ಲಾಂಡ್ರಿಗೆ ಬೀಗವೇ ಗತಿ. ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು, ಆಮೇಲೆ ಎದ್ದು ಎಲ್ಲರಿಗೂ ಬೈದರು. ಬೈಗುಳದಿಂದ ಕಲೆ ಹೋಗುವ ಹಾಗಿದ್ದರೆ ಆ ಲಾಂಡ್ರಿಯಲ್ಲಿ ಸೋಪೇ ಬೇಕಿರಲಿಲ್ಲ.

ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳನ್ನು ಮಾತ್ರ ಹಟ ಹಿಡಿದು ಓದಿಸಿದ್ದಳು. ಆ ಮಗಳೀಗ ಒಂದು ಆಫೀಸಿನಲ್ಲಿ ಗುಮಾಸ್ತೆ. ಆ ಸಂಜೆ ಅಕ್ಕ ಇದನ್ನೆಲ್ಲ ಹೇಳಿಕೊಂಡಾಗ ಅವಳೇ ದಾರಿ ತೋರಿಸಿದಳು.

"ಅಮ್ಮ, ನಮ್ಮಲ್ಲಿ ವಾರಕ್ಕೊಂದು ಸಲ ಎಲ್ಲರೂ ಕೂತು, ಹೋದ ವಾರ ಕೆಲಸ ಹೇಗಾಯ್ತು ಅಂತ ಮಾತಾಡ್ತೀವಿ. ನೀನೂ ಮಾಡಿ ನೋಡು."

"ಅದರಿಂದ ಏನಾದ್ರೂ ಪ್ರಯೋಜನ ಇದೆಯಾ?"

"ನಮ್ಮಲ್ಲಿ ಬಿಸ್ಕತ್ತು ಖಾಲಿಯಾಗುತ್ತೆ, ಅಷ್ಟೇ. ಆದ್ರೆ ನೀನು ನಮ್ಮ ಮ್ಯಾನೇಜರ್ ಥರ ಅಲ್ವಲ್ಲ."

ಬುಧವಾರ ಬೆಳಿಗ್ಗೆ ಎಂಟು ಗಂಟೆ ಎಂದು ಅಕ್ಕ ಗೊತ್ತುಮಾಡಿದಳು. ಮೊದಲ ಎರಡು ವಾರ ಮೂವರನ್ನೂ ಮೆಷಿನ್ ಪಕ್ಕ ನಿಲ್ಲಿಸಿಕೊಂಡು ಮಾತಾಡಿದಳು. ಅವಳು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದರು. ಅಕ್ಕನಿಗೆ ಖುಷಿಯೋ ಖುಷಿ. ಕಲೆ ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಮೂರನೆಯ ಬುಧವಾರ ಡ್ರೈವರನನ್ನು ಬಾಗಿಲಲ್ಲೇ ತಡೆದಳು.

"ಹೋದ ವಾರ ನಾನು ಏನು ಹೇಳ್ದೆ?"

"ಸರಿಯಾಗೇ ಹೇಳಿದ್ರಿ ಅಕ್ಕ."

"ಅದೇ, ಏನು ಹೇಳ್ದೆ?"

ಅವನು ತಲೆ ಕೆರೆದುಕೊಂಡ. "ಆ ಮೆಷಿನ್ ಸದ್ದಲ್ಲಿ ಯಾರಿಗೆ ಏನು ಕೇಳುತ್ತೆ? ಸುಮ್ನೆ ತಲೆ ಆಡಿಸ್ತೀವಿ. ನೀವೂ ಹಾಗೇ ಅಲ್ವಾ?"

ಹೌದು, ಅವಳೂ ಹಾಗೇ. ಇಪ್ಪತ್ತಾರು ವರ್ಷದಿಂದ ಆ ಕೋಣೆಯಲ್ಲಿ ಯಾರು ಏನೇ ಅಂದರೂ ತಲೆಯಾಡಿಸುವುದೇ ಉತ್ತರವಾಗಿತ್ತು. ಅಕ್ಕನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ನೆಟ್ಟಗೆ ಒಳಗೆ ಹೋಗಿ ಮೆಷಿನ್ ಆಫ್ ಮಾಡಿದಳು.

ಸದ್ದು ನಿಂತದ್ದೇ ತಡ, ಯಜಮಾನರು ಎದ್ದುಬಿದ್ದು ಓಡಿಬಂದರು. "ಕರೆಂಟ್ ಹೋಯ್ತಾ?"

"ಇಲ್ಲ, ನಾನೇ ನಿಲ್ಲಿಸ್ದೆ. ಅರ್ಧ ಗಂಟೆ ಮಾತಾಡೋದಿದೆ."

"ಅರ್ಧ ಗಂಟೇಲಿ ಎಷ್ಟು ಬಟ್ಟೆ ಒಗೀಬಹುದು ಗೊತ್ತಾ?"

"ಗೊತ್ತು. ಒಗೆದಿದ್ದನ್ನೇ ಎಷ್ಟು ಸಲ ಒಗೀತೀವಿ ಅನ್ನೋದೂ ಗೊತ್ತು. ನೀವೂ ಕೂತ್ಕೊಳ್ಳಿ."

ಯಜಮಾನರು ಪೆಚ್ಚುಮೋರೆ ಹಾಕಿಕೊಂಡು ಬಟ್ಟೆಯ ಗಂಟಿನ ಮೇಲೆ ಕೂತರು.

"ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ," ಎಂದಳು ಅಕ್ಕ. "ಕಲೆ ಕಂಡ್ರೆ ಅದು ಒಳಗೆ ಹೋಗೋ ಹಾಗೆ ಮಡಚಿ ಕಳಿಸ್ತಿದ್ದೆ. ತುಂಬಾ ದಿನದಿಂದ."

ಯಾರೂ ತಲೆಯಾಡಿಸಲಿಲ್ಲ. ದಿನಕ್ಕೆ ನಾಲ್ಕು ಮಾತೂ ಆಡದ ಇಸ್ತ್ರಿಯವನು ಗಂಟಲು ಸರಿಮಾಡಿಕೊಂಡ. "ಕಲೆ ಇರೋದು ಮಧ್ಯಾಹ್ನ ಬರೋ ಬಟ್ಟೇಲಿ ಮಾತ್ರ."

"ಮಧ್ಯಾಹ್ನ ನಾನು ತರೋದು ಆಪರೇಷನ್ ವಾರ್ಡಿಂದು," ಎಂದ ಡ್ರೈವರ್.

ಮೆಷಿನ್ ಹೆಂಗಸು ಕನ್ನಡಕ ತೆಗೆದಳು. "ಚೀಲ ಎಲ್ಲಾ ಒಂದೇ ಥರ ಇರುತ್ತೆ, ನಂಗೇನು ಗೊತ್ತು? ಎಲ್ಲಕ್ಕೂ ಬಿಸಿನೀರೇ ಬಿಡ್ತೀನಿ. ಬಿಸಿನೀರು ಬಿದ್ರೆ ರಕ್ತ ಕಚ್ಕೊಂಡ್ಬಿಡುತ್ತೆ. ಗೊತ್ತಿದ್ರೆ ಮೊದಲು ತಣ್ಣೀರಲ್ಲಿ ನೆನೆಸ್ತಿದ್ದೆ."

ಒಬ್ಬೊಬ್ಬರಿಗೆ ಗೊತ್ತಿದ್ದ ಒಂದೊಂದು ಚೂರನ್ನು ಒಟ್ಟಿಗೆ ಇಡಲು ಐದು ನಿಮಿಷ ಸಾಕಾಯಿತು; ಅದಕ್ಕೆ ಇಷ್ಟು ವರ್ಷ ಕಾದಿದ್ದರು.

ಮಾರನೆಯ ದಿನದಿಂದಲೇ ಆಪರೇಷನ್ ವಾರ್ಡಿನ ಚೀಲಗಳಿಗೆ ಡ್ರೈವರ್ ಕೆಂಪು ಪಟ್ಟಿ ಕಟ್ಟತೊಡಗಿದ. ಕಲೆಯ ಬಟ್ಟೆ ನಲವತ್ತರಿಂದ ಹನ್ನೆರಡಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಒಂದು ವಾರ ಮತ್ತೆ ಒಂಬತ್ತಕ್ಕೆ ಏರಿತು. ಪಟ್ಟಿ ಮುಗಿದಿದ್ದರೂ ಡ್ರೈವರ್ ಬಾಯಿ ಬಿಟ್ಟಿರಲಿಲ್ಲ ಎಂಬುದು ಬುಧವಾರ ಹೊರಬಿತ್ತು. "ಇಂಥದ್ದಕ್ಕೆ ಬುಧವಾರದ ತನಕ ಕಾಯ್ಬೇಡಪ್ಪ," ಎಂದಳು ಅಕ್ಕ. ಒಂದು ವಾರವೂ ಮೀಟಿಂಗ್ ತಪ್ಪಿಸಲಿಲ್ಲ; ಜ್ವರವಿದ್ದ ದಿನವೂ ಮಫ್ಲರ್ ಸುತ್ತಿಕೊಂಡು ಬಂದಳು.

ಎರಡು ತಿಂಗಳು ತುಂಬಿದ ದಿನ ಸ್ಟೋರ್ ಮೇಡಂ ಮೀಟಿಂಗಿನ ನಡುವೆಯೇ ಒಳಗೆ ಬಂದರು. ಅಕ್ಕ ಮೊದಲು ಅವರ ಕೈ ನೋಡಿದಳು. ಮೇಡಂ ಕೈಯಲ್ಲಿ ಏನೂ ಇರಲಿಲ್ಲ.

"ಈ ವಾರ ವಾಪಸ್ ತರೋಕೆ ಒಂದೂ ಸಿಗಲಿಲ್ಲ," ಎಂದರು. "ಕೆಲಸ ನಿಮ್ಮಲ್ಲೇ ಇರ್ಲಿ. ಹೊಸ ಮಕ್ಕಳ ವಾರ್ಡಿಂದೂ ನೀವೇ ತಗೊಳ್ಳಿ."

ಯಜಮಾನರು ಎದೆ ಸೆಟೆಸಿದರು. "ನಾವು ಪ್ರತಿ ವಾರ ಮೀಟಿಂಗ್ ಮಾಡ್ತೀವಿ ಮೇಡಂ."

"ಮಾಡೋದು ಅಕ್ಕ," ಎಂದ ಇಸ್ತ್ರಿಯವನು. "ನಾವು ಕೂರ್ತೀವಿ."

ಮೇಡಂ ಅಕ್ಕನ ಕಡೆ ತಿರುಗಿದರು. "ನಮ್ಮ ಸ್ಟೋರಲ್ಲಿ ಒಂಬತ್ತು ಜನ ಇದ್ದೀವಿ. ಯಾರಿಗೆ ಏನು ಗೊತ್ತು ಅನ್ನೋದು ಯಾರಿಗೂ ಗೊತ್ತಿಲ್ಲ. ಒಂದು ದಿನ ಬಂದು ನಮಗೂ ಇದನ್ನ ಹೇಳ್ಕೊಡ್ತೀರಾ?"

ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೂ ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದಿಷ್ಟು ಬಿಂಕದಿಂದಲೇ ಉತ್ತರಿಸಿದಳು.

"ಯಾವತ್ತು ಬೇಕಾದ್ರೂ ಬರ್ತೀನಿ ಮೇಡಂ. ಬುಧವಾರ ಒಂದು ಬಿಟ್ಟು."