ಮರೀನಬಾಯಿಯ ಬೈಬಲ್‌ನಲ್ಲಿ ಬಲೆನೂಲು

ಇವತ್ತು ಕಾಸರಕೋಡ ಬಂದರಿನಲ್ಲಿ ಹೊಸ ಬಲೆನೂಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಹಾಜನರೇ, ನನ್ನೊಳಗೆ ಪರದೆ ಮೇಲೆದ್ದಿತು.

ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಮರೀನಬಾಯಿ ಬೈಬಲ್ಲನ್ನು ವಿಷಯ ಹಿಡಿದು ಓದುತ್ತಿದ್ದವರು. ಧೈರ್ಯದ ಮಾತಿರುವ ಪುಟಗಳಿಗೆಲ್ಲ ಗುರುತಿಗೆ ನೀಲಿ ಬಲೆನೂಲು, ಕ್ಷಮೆಯ ಪುಟಗಳಿಗೆ ಕೆಂಪು. ಗಂಡ ಕಡಲಿಗಿಳಿದ ದಿನ ನೀಲಿ ಪುಟಗಳನ್ನಷ್ಟೇ ಓದುತ್ತಿದ್ದರು. ನಾನೋ, ಅಂಗಳದ ನಾಟಕದ ಮಹಾರಾಜ. ಮೀಸೆಗೆಂದು ಅಷ್ಟೂ ನೂಲನ್ನು ಕಿತ್ತುಬಿಟ್ಟೆ.

ಮೀಸೆ ಕಂಡು ಅವರ ಮುಖ ಬಾಡಿತು.

"ಎಂತ ಮಹಾರಾಜರೇ, ನಾಳೆ ಇವ್ರು ಕಡಲಿಗೆ ಹೋದ್ರೆ ನಾ ಎಲ್ಲಿ ಓದೂದು? ಮೀಸೆ ತೆಗಿ, ಕುಂತ್ಕೊ. ಪುಟ ಹುಡ್ಕುವ. ಮೊದ್ಲು ಕೆಂಪಿಂದು."

"ನಿಮ್ಗೆ ಬೇಕಾದ್ದು ನೀಲಿ ಅಲ್ವಾ, ಬಾಯಿ?"

"ನಾಳೆಗೆ ನೀಲಿ. ಈಗ ನಿಂಗೆ ಬೇಕಾದ್ದು ಕೆಂಪು."

ಪರದೆ ಇಳಿಯಿತು. ನಿನ್ನೆಯಷ್ಟೇ ನನ್ನ ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದ್ದೆ. ಬಂದರಿನ ಬಲೆ ಹೊಲಿಯುವವರಲ್ಲಿ ಒಂದು ಗೇಣು ಕೆಂಪು ನೂಲು ಕೇಳಿ ಪಡೆದು, ಮನೆಗೆ ಹೊರಟೆ.